ಸ್ಪೀಕರಿನ ಮುಂದೆ ನಿಲ್ಲುತ್ತಿದ್ದವರು

ಕಾಕಾ ತೀರಿಕೊಂಡು ಎರಡು ತಿಂಗಳಾಯಿತು. ಅವರ ಬಗ್ಗೆ ನಾನು ಬರೆಯುತ್ತಿರುವುದು ಇದೇ ಮೊದಲಲ್ಲ. ಹಿಂದೊಮ್ಮೆ ಒಂದೇ ಒಂದು ವಾಕ್ಯ ಬರೆದಿದ್ದೆ. ಅದರಲ್ಲಿ ಅವರ ಹೆಸರಿರಲಿಲ್ಲ, ‘ಅಪರಿಚಿತ ವ್ಯಕ್ತಿ’ ಎಂದಿತ್ತು. ಈ ಸಲವೂ ಹೆಸರು ಬರೆಯುತ್ತಿಲ್ಲ. ಅವರ ಮನೆಯವರು ಬೇಡ ಎಂದಿದ್ದಾರೆ. ಆದರೆ ಕಾಕಾ ನನಗೆ ಅಪರಿಚಿತರಲ್ಲ. ರಬಕವಿಯಲ್ಲಿ ಇಪ್ಪತ್ತೆರಡು ವರ್ಷ ನನ್ನ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ ಇತ್ತು.

ಅವರು ಬನಹಟ್ಟಿಯ ಪವರ್‌ಲೂಮ್ ಶೆಡ್ಡುಗಳಲ್ಲಿ ಜಾಬರ್ ಆಗಿದ್ದರು. ಕೆಟ್ಟ ಮಗ್ಗವನ್ನು ರಿಪೇರಿ ಮಾಡಿ ಓಡುವಂತೆ ಮಾಡುವವರಿಗೆ ನಮ್ಮ ಕಡೆ ಜಾಬರ್ ಎನ್ನುತ್ತಾರೆ. ಮೀಸೆ ಮೂಡುವ ಮೊದಲೇ ಶೆಡ್ಡು ಹೊಕ್ಕವರು. ಮೂವತ್ತೈದು ವರ್ಷ ಆ ಖಟಖಟ ಸದ್ದಿನ ನಡುವೆ ದುಡಿದು ಕಿವಿ ಕಳೆದುಕೊಂಡಿದ್ದರು. ಪೂರ್ತಿ ಅಲ್ಲ. ಸಿಡಿಲು ಹೊಡೆದರೆ ತಿಳಿಯುತ್ತಿತ್ತು, ಕಬ್ಬಿನ ಲಾರಿ ಬೆನ್ನ ಹಿಂದೆ ಹಾರ್ನು ಹಾಕಿದರೆ ತಿಳಿಯುತ್ತಿತ್ತು. ಹೆಂಡತಿ ಊಟಕ್ಕೆ ಕರೆದರೆ ತಿಳಿಯುತ್ತಿರಲಿಲ್ಲ. ಕಿವಿಯ ಮಷೀನು ಹಾಕಿಸಿದ್ದರು. ಎರಡು ದಿನ ಇಟ್ಟುಕೊಂಡು, ತಲೆಯೊಳಗೆ ಯಾರೋ ಪಾತ್ರೆ ಉರುಳಿಸಿದ ಹಾಗೆ ಆಗುತ್ತದೆ ಎಂದು ತೆಗೆದು ಗೂಡಿನಲ್ಲಿಟ್ಟರು.

ಕಿವಿ ಹೋದರೂ ಅವರ ಕೆಲಸ ಕೆಡಲಿಲ್ಲ. ಮಗ್ಗ ನಿಂತಿತೆಂದರೆ ಅವರು ಅದರ ಚೌಕಟ್ಟಿನ ಮೇಲೆ ಅಂಗೈ ಇಟ್ಟು, ಚಾಲೂ ಮಾಡಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಎಲ್ಲಿ ಬೋಲ್ಟು ಸಡಿಲಾಗಿದೆ, ಯಾವ ಬೇರಿಂಗು ಸವೆದಿದೆ ಎಂದು ಕೈಗೇ ಗೊತ್ತಾಗುತ್ತಿತ್ತು. ಕಿವಿ ಇದ್ದವರು ಮಾಲಕನ ಮಾತನ್ನೂ ಕೇಳುತ್ತಾರೆ, ಈತ ಮಗ್ಗದ ಮಾತನ್ನಷ್ಟೇ ಕೇಳುತ್ತಾನೆ ಎಂದು ಶೆಡ್ಡಿನ ಮಾಲಕರೊಬ್ಬರು ನನ್ನೆದುರು ಹೊಗಳಿದ್ದರು. ಇನ್ನು ಜನರ ಮಾತು ಅವರಿಗೆ ತುಟಿಯಲ್ಲೇ ಸಿಗುತ್ತಿತ್ತು. ಶೆಡ್ಡಿನಲ್ಲಿ ದುಡಿಯುವವರೆಲ್ಲ ಆ ಸದ್ದಿನಲ್ಲಿ ಹಾಗೆಯೇ ಮಾತಾಡಿಕೊಳ್ಳುತ್ತಾರೆ. ನಾಲ್ಕು ಮಗ್ಗದಾಚೆ ನಿಂತವನು ಬಾಯಿ ಆಡಿಸಿದರೆ ಸಾಕು, ಈಚೆಯವನು ನಗುತ್ತಾನೆ. ಕಾಕಾರ ಎದುರು ನಿಂತು ಬೆಳಕಿನಲ್ಲಿ ಮಾತಾಡಿದರೆ ಒಂದು ಅಕ್ಷರವೂ ಅವರಿಗೆ ತಪ್ಪುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಜಮಖಂಡಿಯ ಒಂದು ಖಾಸಗಿ ಕಾಲೇಜಿನಲ್ಲಿ ವಾಣಿಜ್ಯ ವಿಷಯ ಕಲಿಸುತ್ತೇನೆ. ಕಾಕಾ ನನ್ನನ್ನು ಮನೆಯ ಕಟ್ಟೆಯ ಮೇಲೆ ‘ತಮ್ಮಾ’ ಎನ್ನುತ್ತಿದ್ದರು. ನಾಲ್ಕು ಜನ ಇದ್ದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಅಂಗಡಿಯಲ್ಲಿ ಅದೇ ಬಾಯಿಂದ ‘ಸರ್’ ಬರುತ್ತಿತ್ತು. ಯಾಕೆ ಕಾಕಾ ಎಂದು ಕೇಳಿದ್ದಕ್ಕೆ, ನಿನ್ನ ಹುಡುಗರು ಯಾರಾದರೂ ಅಲ್ಲಿ ಇರಬಹುದು, ಅವರ ಮುಂದೆ ನಿನ್ನ ಮಾನ ನಾನು ಕಾಯಬೇಕಲ್ಲ ಎಂದಿದ್ದರು.

ಅವರಿಗೆ ರಾಕ್ ಸಂಗೀತದ ಹುಚ್ಚು ಹಿಡಿದಿದ್ದು ಐವತ್ತು ದಾಟಿದ ಮೇಲೆ. ಮಗಳು ಮುಧೋಳದಲ್ಲಿ ಓದುತ್ತಿದ್ದಳು. ಅವಳ ಕಾಲೇಜಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಹೋಗಿದ್ದರು. ಡೊಳ್ಳು, ಕೋಲಾಟ, ಭಾಷಣ ಎಲ್ಲ ಮುಗಿದ ಮೇಲೆ ನಾಲ್ಕು ಹುಡುಗರು ಗಿಟಾರು, ಡ್ರಮ್ಮು ಹಿಡಿದು ವೇದಿಕೆ ಏರಿದರಂತೆ. ಉಳಿದ ಹಿರಿಯರೆಲ್ಲ ಕಿವಿ ಮುಚ್ಚಿಕೊಂಡು ಎದ್ದರು. ಕಾಕಾ ನೀರು ಕುಡಿಯಲೆಂದು ಸ್ಪೀಕರಿನ ಡಬ್ಬಿಗಳ ಮುಂದೆ ಹಾಯ್ದವರು ಅಲ್ಲೇ ನಿಂತುಬಿಟ್ಟರು. ಮರುದಿನ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಗೋಡೆಯ ಹತ್ತಿರ ಬಂದು ಹೇಳಿದರು:

“ತಮ್ಮಾ, ನಿನ್ನೆ ಹಾಡ ಕೇಳಿದ್ನಿ ನೋಡಪಾ. ಹತ್ತ ವರ್ಸ ಆಗಿತ್ತು.”

ಕಿವಿಗೆ ಕೇಳಿಸಿತೇ ಎಂದೆ. ಇಲ್ಲ ಎಂದು ತಲೆಯಾಡಿಸಿ ಎದೆಯ ಮೇಲೆ ಅಂಗೈ ಇಟ್ಟು ತೋರಿಸಿದರು. ಅಲ್ಲಿ ನೆಹರು ಶರ್ಟಿನ ಒಳಗೆ ಅವರ ಲಿಂಗದ ಕರಡಿಗೆ ಇರುತ್ತಿತ್ತು. ಡ್ರಮ್ಮು ಬಿದ್ದಾಗೊಮ್ಮೆ ಕರಡಿಗೆಯೂ ನಡುಗುತ್ತಿತ್ತು, ಮಂದಿ ಕುಣಿದರೆ ಒಳಗಿರುವ ಶಿವ ಸುಮ್ಮನೆ ಕೂತಾನೇ ಎಂದು ನಕ್ಕರು. ಭಕ್ತಿಯಿಂದ ಹೇಳಿದರೋ ಚೇಷ್ಟೆಗೋ, ನನಗೆ ಇನ್ನೂ ತಿಳಿದಿಲ್ಲ.

ಆಮೇಲೆ ಎಲ್ಲಿ ರಾಕ್ ಬ್ಯಾಂಡ್ ಬಂದರೂ ಇವರು ಹಾಜರು. ಬೆಳಗಾವಿ, ವಿಜಯಪುರ, ಕೊಲ್ಲಾಪುರ. ಎಲ್ಲಿ ಏನಿದೆ ಎಂದು ಮಗಳು ಫೋನಿನಲ್ಲಿ ನೋಡಿ ಹೇಳುತ್ತಿದ್ದಳು. ಹಣೆಗೆ ವಿಭೂತಿ, ಬಿಳಿ ನೆಹರು ಶರ್ಟು, ಪಾಯಜಾಮಾ, ಹೆಗಲಿಗೆ ಟವೆಲ್ಲು. ಕೈಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ. ಕಾಕು, ಅಂದರೆ ಅವರ ಹೆಂಡತಿ, ಮೊದಮೊದಲು ಬೈದರು. ಆಮೇಲೆ, ಊರಲ್ಲಿ ಗಂಡಸರು ಯಾವ್ಯಾವುದಕ್ಕೋ ಹೋಗುತ್ತಾರೆ, ಇವರು ಹಾಡಿಗೆ ಹೋಗುತ್ತಾರೆ ಹೋಗಲಿ ಎಂದು ರೊಟ್ಟಿ ಕಟ್ಟಿಕೊಟ್ಟರು.

ಒಮ್ಮೆ ಹುಬ್ಬಳ್ಳಿಗೆ ನಾನೂ ಅವರ ಜೊತೆ ಹೋದೆ. ಅಂಥ ಗದ್ದಲವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಕರಿ ಟೀ ಶರ್ಟಿನ ಹುಡುಗ ಹುಡುಗಿಯರು ಸಂಜೆ ಐದಕ್ಕೇ ಮೈದಾನ ತುಂಬಿದ್ದರು. ಹಾಡು ಶುರುವಾದೊಡನೆ ಅಷ್ಟೂ ಜನ ಒಟ್ಟಿಗೆ ಜಿಗಿಯತೊಡಗಿದರು. ನೆಲ ಕಾಲಡಿ ಅಲ್ಲಾಡುತ್ತಿತ್ತು. ಬೆವರು, ಧೂಳು, ಯಾರದೋ ಕೂದಲು ಬಾಯಿಗೆ, ಯಾರದೋ ಮೊಣಕೈ ಪಕ್ಕೆಗೆ. ಹಿಂದಿನಿಂದ ಒಂದು ತಳ್ಳು ಬಂದರೆ ನೂರು ಜನ ಒಟ್ಟಿಗೆ ಮುಂದೆ ಹೋಗಿ ಒಟ್ಟಿಗೆ ಹಿಂದೆ ಬರುತ್ತಿದ್ದರು. ನನಗೆ ಉಸಿರು ಸಿಕ್ಕಿಕೊಂಡ ಹಾಗಾಯಿತು. ಹೊರಗೆ ಹೋಗೋಣ ಎಂದು ಕಾಕಾರ ತೋಳು ಜಗ್ಗಿದೆ. ಅವರು ನನ್ನನ್ನು ತಮ್ಮ ಮುಂದೆ ಎಳೆದುಕೊಂಡು, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಡಿಸಿ, ನನ್ನ ಎರಡೂ ಕೈಗಳನ್ನು ಎದೆಯ ಮುಂದೆ ಅಡ್ಡ ಕಟ್ಟಿಸಿದರು. ಉಸಿರಿಗೆ ಅಷ್ಟು ಜಾಗ ಉಳಿಸಿಕೋ, ತಳ್ಳು ಬಂದಾಗ ಎದುರು ಬೀಳಬೇಡ, ಅದರ ಜೊತೆ ಎರಡು ಹೆಜ್ಜೆ ಹೋಗು, ಅದೇ ನಿನ್ನನ್ನು ತಂದು ನಿಲ್ಲಿಸುತ್ತದೆ ಎಂದರು. ನನ್ನ ಒಂದು ಚಪ್ಪಲಿ ಕಳಚಿ ಹೋಯಿತು. ಬಗ್ಗಲು ಹೋದವನ ಕೊರಳಪಟ್ಟಿ ಹಿಡಿದೆತ್ತಿದರು.

“ಚಪ್ಲಿ ಹೋದ್ರ ಹೋಗ್ಲಿ. ಗದ್ದಲದಾಗ ಬಗ್ಗಬಾರ್ದು. ಬಗ್ಗಿದಾಂವ ಏಳಂಗಿಲ್ಲ.”

ನಾನು ಧೈರ್ಯ ತಂದುಕೊಂಡು ಸುತ್ತ ನೋಡಿದ್ದು ಆಮೇಲೆ. ಪಕ್ಕದಲ್ಲಿ ಒಬ್ಬಳು ಹುಡುಗಿ ಹಾಡಿನ ಜೊತೆ ಬಾಯಿ ಆಡಿಸುತ್ತ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ಗುರುತು ಪರಿಚಯ ಇಲ್ಲದ ಹುಡುಗರು ನೀರಿನ ಬಾಟಲಿಯನ್ನು ತಲೆಯ ಮೇಲಿಂದ ಕೈಗೆ ಕೈ ದಾಟಿಸುತ್ತಿದ್ದರು. ಮೊದಲು ಕಾಕಾರನ್ನು ನೋಡಿ ನಕ್ಕು ಫೋನು ಎತ್ತಿದವರೇ ಸ್ವಲ್ಪ ಹೊತ್ತಿಗೆ ಅವರ ಸುತ್ತ ತೋಳು ಕೂಡಿಸಿ ಒಂದು ಬೇಲಿ ಮಾಡಿದರು, ಮುದುಕರಿಗೆ ಪೆಟ್ಟಾಗದಿರಲೆಂದು. ಅವರು ಕುಣಿಯಲಿಲ್ಲ. ಸ್ಪೀಕರಿನ ಎದುರು ಅಂಗೈಗಳನ್ನು ಮುಂದೆ ಹಿಡಿದು, ಚಳಿಗಾಲದಲ್ಲಿ ಒಲೆಯ ಮುಂದೆ ಕೂತವರ ಹಾಗೆ, ಕಣ್ಣು ಮುಚ್ಚಿ ನಿಂತಿದ್ದರು. ಒಂದು ಕಾಲಿಗೆ ಚಪ್ಪಲಿ ಇಲ್ಲದೆ ನಾನು ಬಸ್ಸು ಹತ್ತಿದೆ. ಲೋಕಾಪುರ ದಾಟುವವರೆಗೂ ಅವರು ನನ್ನ ಕಾಲು ನೋಡಿ ನೋಡಿ ನಗುತ್ತಿದ್ದರು. ನಾನೂ ನಕ್ಕೆ. ಅಷ್ಟು ಹಗುರಾಗಿ ನಾನು ಮತ್ತೆ ನಕ್ಕ ನೆನಪಿಲ್ಲ.

ಆದ್ದರಿಂದ ನಮ್ಮ ಕಾಲೇಜಿನ ಬೆಳ್ಳಿಹಬ್ಬಕ್ಕೆ ರಾಕ್ ಬ್ಯಾಂಡ್ ಕರೆಸೋಣ ಎಂದು ಹೇಳಿದವನು ನಾನೇ. ಸಾಂಸ್ಕೃತಿಕ ಸಮಿತಿಯ ಕಾರ್ಯದರ್ಶಿ ನಾನು. ಹುಡುಗರು ಹೋ ಎಂದರು. ಸಂಸ್ಥೆಯ ಚೇರಮನ್ನರು ಮೊದಲು ಮುಖ ಗಂಟು ಹಾಕಿ, ಕೊನೆಗೆ ಜನ ಸೇರುತ್ತಾರೆಂದರೆ ಆಗಲಿ ಎಂದರು. ಆ ಸಂಜೆ ನಾನು ಗೋಡೆಯ ಹತ್ತಿರ ನಿಂತು ಕಾಕಾರಿಗೆ ಪಾಸು ಕೊಟ್ಟೆ. ಅವರು ಅದನ್ನು ಓದಿ, ಮಡಚಿ, ಶರ್ಟಿನ ಒಳಕಿಸೆಯಲ್ಲಿಟ್ಟುಕೊಂಡರು. ನಮ್ಮ ಊರ ಬಾಗಿಲಿಗೇ ತಂದೆಯಲ್ಲೋ ಎಂದು ನನ್ನ ಬೆನ್ನ ಮೇಲೆ ಕೈಯಾಡಿಸಿದರು.

ಆ ದಿನ ಅವರು ನಾಲ್ಕಕ್ಕೇ ಬಂದರು. ಮೈದಾನ ಇನ್ನೂ ಅರ್ಧ ಖಾಲಿ ಇತ್ತು. ಮುಂದೆ ಗಣ್ಯರಿಗೆ ಸೋಫಾ, ಅದರ ಹಿಂದೆ ಕಬ್ಬಿಣದ ಪೈಪುಗಳ ಅಡ್ಡಗಟ್ಟು, ಅದರಾಚೆ ಜನ ನಿಲ್ಲುವ ಜಾಗ. ಕಾಕಾ ಅಡ್ಡಗಟ್ಟಿನ ಉದ್ದಕ್ಕೂ ಪೈಪಿನ ಮೇಲೆ ಕೈಯಾಡಿಸುತ್ತ ನಡೆದರು. ಆಮೇಲೆ ಸೀದಾ ನನ್ನ ಹತ್ತಿರ ಬಂದರು. ನಾನು ಚೇರಮನ್ನರ ಜೊತೆ ನಿಂತಿದ್ದೆ. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ.

“ತಮ್ಮಾ, ಬಲಗಡಿ ಮೂಲ್ಯಾಗಿನ ಕ್ಲಾಂಪ್ ಲೂಜ್ ಐತಿ. ಬೋಲ್ಟ್ ಪೂರಾ ಹತ್ತಿಲ್ಲ. ಒಂದು ಪಾನಾ ಕೊಡಸು, ನಾನಾ ಬಿಗಿ ಮಾಡ್ತೇನಿ.”

ನಾಲ್ಕು ಜನರ ಮುಂದೆ ಅವರು ನನ್ನನ್ನು ತಮ್ಮಾ ಎಂದದ್ದು ಅದೇ ಮೊದಲು. ಅವಸರದಲ್ಲಿ ಮರೆತಿರಬೇಕು. ಚೇರಮನ್ನರು ಅವರ ಟವೆಲ್ಲನ್ನೂ ನನ್ನ ಕೋಟನ್ನೂ ಒಂದೊಂದು ಸಲ ನೋಡಿದರು. ಶಾಮಿಯಾನದವರು ನೋಡಿಕೊಳ್ಳುತ್ತಾರೆ, ನೀವು ಹೋಗಿ ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿ ಬೆನ್ನು ತಿರುಗಿಸಿದೆ. ಶಾಮಿಯಾನದವರಿಗೆ ನಾನು ಹೇಳಲಿಲ್ಲ. ಮರೆತೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಮರೆತದ್ದಲ್ಲ. ಆ ಮಾತನ್ನು ಮತ್ತೆ ಎತ್ತಿದರೆ ಅವರು ಯಾರು ಎಂಬ ಪ್ರಶ್ನೆಯೂ ಏಳುತ್ತಿತ್ತು.

ಆರು ಗಂಟೆಗೆ ಪಾಸು ಗೀಸು ಯಾವುದೂ ಉಳಿಯಲಿಲ್ಲ. ಹುಡುಗರು ವಾರವಿಡೀ ಫೋನಿನಲ್ಲಿ ಡಂಗುರ ಹೊಡೆದಿದ್ದರು. ಮುಧೋಳ, ಬೀಳಗಿ, ಮಹಾಲಿಂಗಪುರದಿಂದ ಬೈಕಿನ ಮೇಲೆ ಮೂರು ಮೂರು ಜನ ಬಂದರು. ಹಿಪ್ಪರಗಿಯಿಂದ ಒಂದು ಟ್ರ್ಯಾಕ್ಟರ್ ಟ್ರಾಲಿ ತುಂಬ ಬಂದಿದ್ದರು. ಗೇಟಿನಲ್ಲಿ ಸ್ವಯಂಸೇವಕ ಹುಡುಗರು ಕೈ ಚೆಲ್ಲಿದರು. ಬ್ಯಾಂಡಿನವರು ವೇದಿಕೆಗೆ ಬಂದಾಗ ಎದ್ದ ಕೂಗಿಗೆ ಮೈದಾನದ ಬೇವಿನ ಗಿಡದ ಹಕ್ಕಿಗಳೆಲ್ಲ ಹಾರಿದವು. ಎರಡು ಹಾಡು ಚೆನ್ನಾಗಿಯೇ ನಡೆಯಿತು. ನಾನು ಸೋಫಾದ ಮೇಲೆ ಕೂತು ಹಿಂದೆ ತಿರುಗಿ ನೋಡಿ ಹೆಮ್ಮೆಪಟ್ಟೆ. ಜಮಖಂಡಿಯಲ್ಲಿ ಇಂಥದ್ದು ಆಗಿರಲಿಲ್ಲ. ಹೆಣ್ಣುಮಕ್ಕಳು ಮುಂದೆ ಅಡ್ಡಗಟ್ಟಿಗೆ ಆತು ನಿಂತು ಹಾಡುತ್ತಿದ್ದರು. ಕಾಕಾ ಬಲಗಡೆ ಸ್ಪೀಕರಿನ ಎದುರು ತಮ್ಮ ಜಾಗದಲ್ಲಿದ್ದರು.

ಮೂರನೆಯ ಹಾಡಿಗೆ ಹಿಂದಿನಿಂದ ತಳ್ಳು ಶುರುವಾಯಿತು. ಕಾಕಾ ಕಣ್ಣು ತೆರೆದರು. ಸ್ಪೀಕರು ಬಿಟ್ಟು ಮೂಲೆಗೆ ಓಡಿ ಆ ಕ್ಲಾಂಪನ್ನು ಎರಡೂ ಕೈಯಿಂದ ಅವುಚಿ ಹಿಡಿದುಕೊಂಡು ಕೂಗತೊಡಗಿದರು. ಆ ಸದ್ದಿನಲ್ಲಿ ಅವರ ಕೂಗು ಯಾರಿಗೂ ಅರ್ಥವಾಗಲಿಲ್ಲ. ನೋಡುವವರಿಗೆ ಒಬ್ಬ ಮುದುಕ ಪೈಪು ಹಿಡಿದು ಅಲ್ಲಾಡಿಸುತ್ತ ಒದರುತ್ತಿರುವಂತೆ ಕಾಣುತ್ತಿತ್ತು. ಒಬ್ಬ ಸ್ವಯಂಸೇವಕ ನನ್ನ ಹತ್ತಿರ ಓಡಿ ಬಂದು, ಸರ್, ಒಬ್ಬರು ಗಲಾಟೆ ಮಾಡುತ್ತಿದ್ದಾರೆ, ನಿಮ್ಮ ಕಡೆ ಕೈ ತೋರಿಸುತ್ತಿದ್ದಾರೆ ಎಂದ.

ಪಕ್ಕದಲ್ಲಿದ್ದ ಚೇರಮನ್ನರು ತಿರುಗಿ, “ಯಾರ್ರೀ ಅಂವಾ? ನಿಮ್ಮ ಪೈಕಿ ಏನ್ರಿ?” ಎಂದರು.

ನಾನು ನೋಡಿದೆ. ಹತ್ತು ಹನ್ನೆರಡು ಹೆಜ್ಜೆ ದೂರ. ವೇದಿಕೆಯ ಬೆಳಕು ಅವರ ಮೇಲೂ ಬಿದ್ದಿತ್ತು, ನನ್ನ ಮೇಲೂ ಬಿದ್ದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಗೊತ್ತಿಲ್ರಿ,” ಎಂದೆ. “ಕುಡದಿರಬೇಕು. ಹೊರಗ ಹಾಕ್ರಿ.”

ಅವರು ಕೂಗುವುದನ್ನು ನಿಲ್ಲಿಸಿದರು. ಬಾಯಿ ಮುಚ್ಚಿತು. ಕೈ ಮಾತ್ರ ಪೈಪು ಬಿಡಲಿಲ್ಲ. ಇಬ್ಬರು ಹುಡುಗರು ಹೋಗಿ ಅವರ ಭುಜ ಹಿಡಿದು ಜಗ್ಗಿದರು. ಅವರು ತಲೆ ತಗ್ಗಿಸಿ ಪೈಪಿಗೆ ಎದೆ ಕೊಟ್ಟು ನಿಂತರು. ಆ ಹೊತ್ತಿನಲ್ಲಿ ಅವರ ಪಕ್ಕದಲ್ಲಿದ್ದ ನಾಲ್ಕಾರು ಹುಡುಗಿಯರು ಏನೋ ತಪ್ಪಿದೆ ಎಂದು ತಿಳಿದು ಪಕ್ಕಕ್ಕೆ ನುಸುಳಿಕೊಂಡರು. ಆಮೇಲೆ ಇನ್ನೊಂದು ತಳ್ಳು ಬಂತು. ಕ್ಲಾಂಪು ಜಾರಿತು. ಆ ಬದಿಯ ಅಡ್ಡಗಟ್ಟು ಮುಂದಕ್ಕೆ ಮಲಗಿತು, ಅದರ ಮೇಲೆ ಜನ ಬಿದ್ದರು.

ಹಾಡು ನಿಂತಿತು. ಹುಡುಗರೇ ಕೈ ಕೈ ಹಿಡಿದು ಹಿಂದಿನವರನ್ನು ಹಿಂದಕ್ಕೆ ನೂಕಿ, ಬಿದ್ದವರನ್ನು ಒಬ್ಬೊಬ್ಬರಾಗಿ ಎತ್ತಿದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಹಲವರಿಗೆ ತರಚಿತು, ಬೀಳಗಿಯ ಒಬ್ಬ ಹುಡುಗಿಯ ಭುಜದ ಎಲುಬು ಮುರಿಯಿತು. ಮೈದಾನದ ತುಂಬ ಚಪ್ಪಲಿ, ವೇಲು, ಒಡೆದ ಫೋನು. ಕಾಕಾ ಮೂಲೆಯಲ್ಲಿ ಟವೆಲ್ಲಿನಿಂದ ಬಲಗೈ ಸುತ್ತಿಕೊಂಡು ನಿಂತಿದ್ದರು. ಟವೆಲ್ಲು ಕೆಂಪಾಗುತ್ತಿತ್ತು. ನಾನು ಅವರ ಕಡೆ ನಾಲ್ಕು ಹೆಜ್ಜೆ ಇಟ್ಟೆ. ಚೇರಮನ್ನರು ಕರೆದರು. ಅವರನ್ನು ಕಾರಿಗೆ ಹತ್ತಿಸಲು ಹೋದೆ. ತಿರುಗಿ ಬರುವಷ್ಟರಲ್ಲಿ ಗುರುತಿಲ್ಲದ ಇಬ್ಬರು ಹುಡುಗರು ಕಾಕಾರನ್ನು ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ದವಾಖಾನೆಗೆ ಹೋಗಿದ್ದರು. ಕ್ಲಾಂಪು ಜಾರಿದಾಗ ಸಿಕ್ಕಿಕೊಂಡ ಬಲಗೈಯ ಎರಡು ಬೆರಳಿನ ಅರ್ಧರ್ಧ ಹೋಯಿತು.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ವರದಿ ಬರೆಯಬೇಕಾಯಿತು. ಇದನ್ನು ಬರೆ ಎಂದು ನನಗೆ ಯಾರೂ ಹೇಳಲಿಲ್ಲ. ಪೊಲೀಸರು ಕೇಳುತ್ತಾರೆ, ಏನಾದರೊಂದು ಕಾರಣ ಬೇಕಲ್ಲ, ಯಾರೋ ಕುಡಿದು ಬಂದಿದ್ದನೆಂದು ನೀವೇ ಅಂದಿರಂತೆ ಎಂದು ಪ್ರಿನ್ಸಿಪಾಲರು ಮೆಲ್ಲಗೆ ಅಂದರು, ಅಷ್ಟೆ. ನಾನು ಬರೆದೆ. ‘ಮದ್ಯಪಾನ ಮಾಡಿದ್ದ ಅಪರಿಚಿತ ವ್ಯಕ್ತಿಯೊಬ್ಬನು ಬಲಭಾಗದ ತಡೆಗೋಲನ್ನು ಹಿಡಿದು ಅಲುಗಾಡಿಸಿದ್ದರಿಂದ ಸದರಿ ಘಟನೆ ಸಂಭವಿಸಿದೆ.’ ಕೆಳಗೆ ಸಹಿ ಹಾಕಿದೆ. ಅಕ್ಷರ ಚೆನ್ನಾಗಿಯೇ ಬಂದಿತ್ತು.

ಅದು ಪತ್ರಿಕೆಯಲ್ಲೂ ಬಂತು. ಹೆಸರಿರಲಿಲ್ಲ, ಆದರೆ ಹುಡುಗರ ಫೋನಿನಲ್ಲಿ ಪೈಪು ಹಿಡಿದ ಮುದುಕನ ಮುಖ ಇತ್ತು. ರಬಕವಿ ಬನಹಟ್ಟಿಯಲ್ಲಿ ಆ ಮುಖ ಯಾರಿಗೆ ಗೊತ್ತಿಲ್ಲ? ಕೊರಳಲ್ಲಿ ಲಿಂಗ ಕಟ್ಟಿಕೊಂಡು ಕುಡಿಯುತ್ತಾನಂತೆ ಎಂದು ಓಣಿ ಮಾತಾಡಿತು. ಚಹಾದ ಅಂಗಡಿಯಲ್ಲಿ ಯಾರೋ ಅವರ ಮುಂದೆ ಹೆಬ್ಬೆರಳನ್ನು ಬಾಯಿಗೆ ಹಿಡಿದು ತೋರಿಸಿದರಂತೆ. ಅವರು ಚಹಾ ಅರ್ಧಕ್ಕೇ ಬಿಟ್ಟು ಬಂದರು, ಮತ್ತೆ ಆ ಅಂಗಡಿಗೆ ಹೋಗಲಿಲ್ಲ. ಕೈ ವಾಸಿಯಾದ ಮೇಲೆ ಶೆಡ್ಡಿಗೆ ಹೋದರು. ಆದರೆ ಸಣ್ಣ ಬೋಲ್ಟು ಹಿಡಿಯಲು ಬೆರಳು ಸಾಲುತ್ತಿರಲಿಲ್ಲ. ಎಂಟು ದಿನ ಪ್ರಯತ್ನಿಸಿ, ತಾವೇ ಪಾನಾಗಳನ್ನು ಒರೆಸಿ ಇನ್ನೊಬ್ಬನಿಗೆ ಕೊಟ್ಟು ಬಂದರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಕಾಕು ನಮ್ಮ ಮನೆಗೆ ಬಂದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ಸೆರಗು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು:

“ಸರ್ರಾ, ನೀವು ಅಲ್ಲೇ ಇದ್ರಿ. ಖರೆ ಹೇಳ್ರಿ, ಅವರು ಕುಡದಿದ್ರೇನ್ರಿ?”

ಇಲ್ಲ ಎನ್ನಲು ಒಂದೇ ಉಸಿರು ಸಾಕಿತ್ತು. ಗದ್ದಲದಲ್ಲಿ ನಾನು ಅವರನ್ನು ನೋಡಲೇ ಇಲ್ಲ ಕಾಕು ಎಂದೆ. ಅವರು, ಹೌದೇ, ಇರಲಿ ಬಿಡಿ ಎಂದು ಹೋದರು. ಒಳಗಿದ್ದ ನನ್ನ ಹೆಂಡತಿ ಆ ರಾತ್ರಿ ನನ್ನ ತಾಟು ಮುಚ್ಚಿಟ್ಟು ಮಕ್ಕಳ ಜೊತೆ ಮಲಗಿದಳು.

ಕಾಕಾ ಮಾತ್ರ ಮಾತು ಬಿಡಲಿಲ್ಲ. ಎದುರು ಸಿಕ್ಕರೆ ಎಡಗೈ ಎತ್ತಿ ನಮಸ್ಕಾರ ಎನ್ನುತ್ತಿದ್ದರು. ಮಕ್ಕಳು ಹೇಗಿದ್ದಾರೆ, ಈ ಸಲ ನೀರು ಎಷ್ಟು ದಿನಕ್ಕೆ ಬಿಡುತ್ತಾರೆ ಎಂದು ಕೇಳುತ್ತಿದ್ದರು. ಆದರೆ ‘ಆರಾಮ ಅದೀರಿ ಸರ್?’ ಎನ್ನುತ್ತಿದ್ದರು. ಗೋಡೆಯ ಹತ್ತಿರ, ಸುತ್ತ ಯಾರೂ ಇಲ್ಲದಾಗಲೂ, ಸರ್. ಅದರಲ್ಲಿ ಕೊಂಕಿರಲಿಲ್ಲ. ಅವರು ಬೈದಿದ್ದರೆ ಉತ್ತರವಾಗಿ ಏನಾದರೂ ಹೇಳುತ್ತಿದ್ದೆ, ಕಾಲಿಗಾದರೂ ಬೀಳುತ್ತಿದ್ದೆ.

ನಾಲ್ಕು ತಿಂಗಳ ಮೇಲೆ ಓಣಿಯ ತುದಿಯಲ್ಲಿ ಒಬ್ಬಳು ಹುಡುಗಿ ಅವರ ಮನೆ ಎಲ್ಲಿ ಎಂದು ಕೇಳಿದಳು. ಬೀಳಗಿಯವಳು, ಎಲುಬು ಮುರಿದಿದ್ದವಳು. ಕೈಯಲ್ಲಿ ಪೇಢೆಯ ಡಬ್ಬಿ ಇತ್ತು. ತನ್ನ ತಂಗಿ ಆ ದಿನ ಪೈಪಿನ ಮೂಲೆಯಲ್ಲೇ ಇದ್ದಳು, ಅಜ್ಜಾ ಹಿಡಿದುಕೊಂಡಿದ್ದಕ್ಕೆ ಅವಳು ಹೊರಗೆ ನುಸುಳಿದಳು, ಇಲ್ಲದಿದ್ದರೆ ಎಲ್ಲರಿಗಿಂತ ಕೆಳಗೆ ಅವಳೇ ಇರುತ್ತಿದ್ದಳು ಎಂದಳು. ನಾನು ಯಾರೆಂದು ತಿಳಿದ ಮೇಲೆ, ಸರ್, ಅಜ್ಜಾ ಕುಡಿದಿರಲಿಲ್ಲ ಎಂದು ನಾವಿಬ್ಬರೂ ಕಾಲೇಜಿಗೆ ಬಂದು ಹೇಳುತ್ತೇವೆ, ಯಾರಿಗೆ ಹೇಳಬೇಕು ಎಂದು ಕೇಳಿದಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಫೈಲು ಮುಗಿದಿದೆ ತಂಗಿ, ಈಗೇನೂ ಆಗುವುದಿಲ್ಲ ಎಂದೆ. ಮನೆ ತೋರಿಸಿದೆ. ಒಳಗಿನಿಂದ ಕಾಕಾ ನಗುವುದು ನಮ್ಮ ಮನೆಗೆ ಕೇಳಿಸಿತು. ನಾನು ಬಾಗಿಲು ಹಾಕಿಕೊಂಡೆ.

ಹೀಗೆ ಎರಡು ವರ್ಷ. ಮುಧೋಳಕ್ಕೆ ಒಮ್ಮೆ ಬ್ಯಾಂಡ್ ಬಂತು. ಅವರು ಹೋಗಲಿಲ್ಲ. ಗದ್ದಲದಲ್ಲಿ ನಿಂತರೆ ಕುಡುಕ ಬಂದ ಎಂದು ಹುಡುಗರು ಗುರುತು ಹಿಡಿಯುತ್ತಾರೆ, ಮಗಳಿಗೆ ಅವಮಾನವಾಗುತ್ತದೆ ಎಂದರಂತೆ. ಈ ಬೇಸಿಗೆಯಲ್ಲಿ ಜ್ವರ ಬಂತು, ಎದೆಗೆ ಇಳಿಯಿತು, ಆರು ದಿನಕ್ಕೆ ಹೋದರು. ಮಣ್ಣಿಗೆ ನಾನೂ ಹೋಗಿದ್ದೆ. ಹಿಡಿ ಮಣ್ಣು ಹಾಕುವಾಗ ನನ್ನ ಹಿಂದೆ ನಿಂತ ಒಬ್ಬ, ಮನುಷ್ಯ ಒಳ್ಳೆಯವನೇ, ಅದೊಂದು ದಿನ ಕುಡಿದದ್ದು ಬಿಟ್ಟರೆ ಎಂದು ಇನ್ನೊಬ್ಬನಿಗೆ ಹೇಳಿದ. ನಾನು ಆಗಲೂ ಹಿಂತಿರುಗಿ ನೋಡಲಿಲ್ಲ. ಆದರೆ ಆ ಮಾತು ನನ್ನನ್ನು ಮನೆಯಲ್ಲಿ ಕೂರಗೊಡಲಿಲ್ಲ. ಇನ್ನು ಊರು ಅವರನ್ನು ನೆನೆಯುವಾಗಲೆಲ್ಲ ನಾನು ಬರೆದ ವಾಕ್ಯವನ್ನೇ ಹೇಳುತ್ತದೆ ಎಂದು ಹೊಳೆಯಿತು.

ಹದಿನೈದು ದಿನ ಬಿಟ್ಟು, ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ಕಾಲೇಜಿಗೂ ಪೊಲೀಸ್ ಠಾಣೆಗೂ ಕೊಟ್ಟೆ. ಈಗಿನ ಪ್ರಿನ್ಸಿಪಾಲರು ಹೊಸಬರು. ಓದಿ, ನಿಮಗೇ ತೊಂದರೆಯಾಗಬಹುದು ಎಂದರು. ಆಗಲಿ ಎಂದೆ. ಇದರಲ್ಲಿ ಧೈರ್ಯವೇನೂ ಇಲ್ಲ. ಎರಡು ವರ್ಷ ತಡವಾಗಿ, ಕೇಳಬೇಕಾದವರು ಹೋದ ಮೇಲೆ ಮಾಡಿದ ಕೆಲಸ.

ಒಂದು ಪ್ರತಿ ತೆಗೆದುಕೊಂಡು ಕಾಕುವಿನ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಓದಿ ಹೇಳುತ್ತೇನೆ, ಪೂರ್ತಿ ಕೇಳಬೇಕು ಎಂದೆ. ಕ್ಲಾಂಪು, ಪಾನಾ, ಚೇರಮನ್ನರ ಪ್ರಶ್ನೆ, ನನ್ನ ಉತ್ತರ, ವರದಿ, ಕಾಕು ಬಂದು ಕೇಳಿದಾಗ ನಾನು ಹೇಳಿದ್ದು, ಎಲ್ಲ ಓದಿದೆ. ಅವರು ಜೋಳದಿಂದ ಕಣ್ಣೆತ್ತಲಿಲ್ಲ, ಆದರೆ ಕೈ ನಿಂತಿತ್ತು.

ಮುಗಿದ ಮೇಲೆ, ನನಗೆ ಗೊತ್ತಿತ್ತು ಎಂದರು. ಅವತ್ತು ದವಾಖಾನೆಯಲ್ಲಿ ಕೈಗೆ ಪಟ್ಟಿ ಕಟ್ಟುವಾಗಲೇ ಕಾಕಾ ಎಲ್ಲ ಹೇಳಿದ್ದರಂತೆ.

ಹಾಗಾದರೆ ಗೊತ್ತಿದ್ದೂ ನನ್ನನ್ನು ಬಂದು ಕೇಳಿದಿರಾ ಎಂದೆ.

“ನಿಮ್ಮ ಬಾಯಿಂದ ಕೇಳೂಣು ಅಂತ ಬಂದಿದ್ನಿರಿ,” ಎಂದರು ಕಾಕು. “ಅವರು ಹೋಗಬ್ಯಾಡ ಅಂದ್ರು. ಬಾಗಲಾ ತನಾ ಬಂದು ಕೈ ಹಿಡದ್ರು. ‘ಹೋಗಿ ಕೇಳಬ್ಯಾಡ. ಪಾಪ, ಅಂವಗ ಇನ್ನೊಂದು ಸುಳ್ಳ ಹೇಳಬೇಕಾಗತೈತಿ’ ಅಂದ್ರು. ನಾ ಅವರ ಮಾತ ಮೀರಿ ಬಂದ್ನಿ.”